ಸ್ವಂತ ಡೊಮೇನ್, ವರ್ಡ್‌ಪ್ರೆಸ್ ಸೈಟ್: ವರ್ಷಗಟ್ಟಲೆ ಬಳಸಿದ ಮೇಲೆ 5ಕ್ಕೆ 4

ಕತೆ, ಕಸೂತಿ, ಸ್ಕೆಚ್ಚು ಅಂತ ಏನಾದರೂ ಮಾಡುವವರಿಗೆ ಸ್ವಂತ ಸೈಟ್ ಬೇಕಾ ಅಂತ ಇಲ್ಲಿ ಧಾರವಾಡದಲ್ಲಿ ಭಾಳ ಮಂದಿ ಕೇಳುತ್ತಾರೆ. ಬೇಕು. ಆದರೆ ಸೈಟ್ ಮಾಡಿದ ಕೂಡಲೇ ಓದುಗರು ತಾವಾಗಿಯೇ ಬರುತ್ತಾರೆ ಅಂದುಕೊಂಡಿದ್ದರೆ ದುಡ್ಡು ಉಳಿಸಿಕೊಳ್ಳಿ.

ಸೈಟ್ ಕಟ್ಟಿ ಬರಹ, ಫೋಟೊ ಹಾಕಲು ಬಳಸುವ ವರ್ಡ್‌ಪ್ರೆಸ್ 2003ರಿಂದ ಇದೆ, ತಂತ್ರಾಂಶ ಪುಕ್ಕಟೆ. ಖರ್ಚು ಬರುವುದು ಡೊಮೇನ್ ಹೆಸರಿಗೆ (ಅಂದರೆ ಸೈಟಿನ ವಿಳಾಸಕ್ಕೆ) ಮತ್ತು ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗದ ಬಾಡಿಗೆಗೆ). ನನ್ನ ಮೊದಲ ಹೋಸ್ಟಿಂಗ್ ಕಂಪನಿ (ಹೆಸರು ಬೇಡ ಬಿಡಿ) ಮೊದಲ ವರ್ಷ ಅಗ್ಗದ ರೇಟ್ ತೋರಿಸಿ, ರಿನ್ಯೂವಲ್ ಹೊತ್ತಿಗೆ ಮೂರು ಪಟ್ಟು ಕೇಳಿತು. ಡೊಮೇನ್ ಬೇರೆ ಕಡೆ ನನ್ನ ಹೆಸರಲ್ಲೇ ಇತ್ತು, ಹಂಗಾಗಿ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಕಡೆ ಹೋದರೂ ವಿಳಾಸ ಬದಲಾಗಲಿಲ್ಲ.

ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಕಿರಿಕಿರಿ ಇರುವುದು ಲಿಂಕಿನಲ್ಲಿ. ಕನ್ನಡ ತಲೆಬರಹ ಕೊಟ್ಟರೆ ಲಿಂಕೂ ಕನ್ನಡದಲ್ಲೇ ಆಗುತ್ತದೆ, ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಪರ್ಸೆಂಟ್ ಗುರುತುಗಳ ಸಾಲು. ‘ಕಸೂತಿ’ ಅನ್ನುವ ಮೂರಕ್ಷರಕ್ಕೇ 45 ಚಿಹ್ನೆ! 200 ದಾಟಿದರೆ ವರ್ಡ್‌ಪ್ರೆಸ್ ಕತ್ತರಿಸಿಬಿಡುತ್ತದೆ. ಅದಕ್ಕೇ ಲಿಂಕನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೈಯಾರೆ ಬರೆಯುತ್ತೇನೆ.

ಇನ್ನು ಮಂದಿ ಸೇರುವ ವಿಚಾರ. ನನ್ನ ಸೈಟಿನ ಪಕ್ಕದಲ್ಲಿ ‘ಗೆಳೆಯರ ಸೈಟುಗಳು’ ಅಂತ ಒಂದು ಪಟ್ಟಿ ಇಟ್ಟೆ, ಅವರೂ ಇಟ್ಟರು. ಸುಮ್ನೆ ಇಷ್ಟೇ. ಹುಬ್ಬಳ್ಳಿಯ ಅಕ್ಕ ಒಬ್ಬರು ತಮ್ಮ ಸೈಟಿನಲ್ಲಿ ಗವಂತಿ ಅನ್ನುವ ಕಸೂತಿ ಹೊಲಿಗೆಯ ಹಿಂಬದಿಯ ಫೋಟೊ ಹಾಕಿದ್ದರು, ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟೇ ಇಲ್ಲ ನೋಡಿ ಅಂತ. ಗದಗಿನ ಗೆಳೆಯರೊಬ್ಬರು ಅದನ್ನು ನೋಡಿ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಕಂಬದ ಕೆತ್ತನೆಯೊಂದನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಿಡಿಸಿ, ಅಕ್ಕನ ಬರಹಕ್ಕೆ ಲಿಂಕ್ ಕೊಟ್ಟು ತಮ್ಮ ಸೈಟಿಗೆ ಹಾಕಿದರು. ಕಸೂತಿ ಎಳೆ ಎಣಿಸಿ ಹಾಕುವುದಲ್ವಾ, ಅಕ್ಕನಿಗೆ ಆ ಹಾಳೆ ನೇರವಾಗಿ ಉಪಯೋಗಕ್ಕೆ ಬಂತು. ಈಗ ಆ ಕೆತ್ತನೆಯ ವಿನ್ಯಾಸ ಸೀರೆ ಸೆರಗಿನ ಮೇಲಿದೆ, ನನ್ನ ಒಂದು ಕತೆಯೊಳಗೂ ಬಂದಿದೆ. ಬೇಂದ್ರೆಯವರ ‘ಗೆಳೆಯರ ಗುಂಪು’ ಅನ್ನುವ ಸಾಹಿತಿಗಳ ಬಳಗ ಇದ್ದ ಊರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕೇನು?

ವಾಟ್ಸಾಪ್ ಗ್ರೂಪಿನಲ್ಲಿ ಇದೇ ಫೋಟೊ ಬಂದಿದ್ದರೆ ನಾಲ್ಕು ‘ಸೂಪರ್’, ಎರಡು ಹೂವು, ಸಂಜೆಗೆ ಗುಡ್ ನೈಟ್ ಚಿತ್ರಗಳ ಕೆಳಗೆ ಹೂತುಹೋಗುತ್ತಿತ್ತು.

ಯಾರು ಹೊಸದಾಗಿ ಬರೆದರು ಅಂತ ತಿಳಿಯಲು ಫೀಡ್, ಅಂದರೆ ಸೈಟಿನ ಹೊಸ ಬರಹಗಳ ತಾನಾಗಿಯೇ ಬೆಳೆಯುವ ಪಟ್ಟಿ, ಸಾಕು. 2013ರಲ್ಲಿ ಫೀಡ್ ಓದುವ ಗೂಗಲ್ ರೀಡರ್ ಮುಚ್ಚಿದ ಮೇಲೆ ಫೀಡ್ ಸತ್ತೇ ಹೋಯಿತು ಅಂತ ಹೇಳುವವರಿದ್ದಾರೆ. ಏನೂ ಸತ್ತಿಲ್ಲ. ಪ್ರತಿ ವರ್ಡ್‌ಪ್ರೆಸ್ ಸೈಟಿಗೂ ಅದು ತಾನಾಗಿಯೇ ಇರುತ್ತದೆ, ಯಾವುದಾದರೂ ರೀಡರ್ ಆ್ಯಪ್‌ಗೆ ಸೇರಿಸಿದರೆ ಆಯಿತು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ನಿರ್ವಹಣೆಗೆ. ಅಪ್‌ಡೇಟ್, ಸ್ಪ್ಯಾಮ್ ಕಾಟ ನಿಲ್ಲುವುದೇ ಇಲ್ಲ, ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯಗಳು) ಕಡಿಮೆ ಇದ್ದಷ್ಟೂ ನೆಮ್ಮದಿ. ಇನ್ನೊಂದು, ಸೈಟಿನದನ್ನೆಲ್ಲ ಇಳಿಸಿಕೊಳ್ಳೋಣ ಅಂತ ಎಕ್ಸ್‌ಪೋರ್ಟ್ ಕೊಟ್ಟರೆ ಸಿಗುವ ಫೈಲಿನಲ್ಲಿ ಬರಹ ಇರುತ್ತದೆ, ಫೋಟೊಗಳ ವಿಳಾಸ ಇರುತ್ತದೆ, ಫೋಟೊ ಇರುವುದಿಲ್ಲ. ಚಿತ್ರ, ಕಸೂತಿ ಹಾಕುವವರು ಫೋಟೊಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.