ಆಲ್-22 ಫಿಲ್ಮ್: ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯಲು ದುಡ್ಡು ಕೊಡಬಹುದೇ?

ಅಮೆರಿಕನ್ ಫುಟ್‌ಬಾಲ್‌ನ ಟಿವಿ ಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಆಗಿ ಸ್ವಲ್ಪ ಹೊತ್ತಿಗೇ ದೂರ ಓಡುವ ರಿಸೀವರ್‌ಗಳು, ಅಂದರೆ ಪಾಸ್ ಹಿಡಿಯುವವರು, ಫ್ರೇಮಿನಿಂದ ಮಾಯ. ಪಾಸ್ ಸಿಕ್ಕರೆ ಅದನ್ನು ಎಸೆದ ಕ್ವಾರ್ಟರ್‌ಬ್ಯಾಕ್ ಜಾಣ, ತಪ್ಪಿದರೆ ದಡ್ಡ ಅನ್ನುವಲ್ಲಿಗೆ ನೋಡುಗರ ತೀರ್ಪು ನಿಂತುಬಿಡುತ್ತದೆ. ಅಮೆರಿಕದಲ್ಲಿ 2022ರಲ್ಲಿ ಶುರುವಾದ ಎನ್‌ಎಫ್‌ಎಲ್ ಪ್ಲಸ್‌ನ (ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಸ್ಟ್ರೀಮಿಂಗ್ ಸೇವೆ) ಪ್ರೀಮಿಯಂ ಚಂದಾದಲ್ಲಿ ಕೋಚ್‌ಗಳು ನೋಡುವ ಆಲ್-22 ಫಿಲ್ಮೂ ಸೇರಿತ್ತು. ಇದರಲ್ಲಿ ಎರಡು ಕೋನ: ಮೈದಾನದ ಪಕ್ಕದ ಎತ್ತರದಿಂದ ಒಂದು, ಅಲ್ಲಿ ಎರಡೂ ತಂಡಗಳ 22 ಜನರೂ ಕಾಣುತ್ತಾರೆ, ಎಂಡ್ ಝೋನ್ (ಮೈದಾನದ ತುದಿಯ ಸ್ಕೋರ್ ಮಾಡುವ ಜಾಗ) ಹಿಂದಿನಿಂದ ಇನ್ನೊಂದು. ಕೊಟ್ಟ ದುಡ್ಡು ಹುಟ್ಟುವುದು ಈ ಎರಡನೆಯದರಲ್ಲೇ, ಯಾಕೆಂದರೆ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಯಾವ ಕಡೆ ತಿರುಗಿತು ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಪೂರ್ತಿ ಪಂದ್ಯ ಹಾಕಿಕೊಂಡು ಕೂತರೆ ಅರ್ಧಕ್ಕೇ ಬೇಜಾರು ಬರುತ್ತದೆ. ಮೂರನೇ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) 7 ಯಾರ್ಡಿಗಿಂತ ಹೆಚ್ಚು ಬೇಕಿರುವ ಪ್ಲೇಗಳನ್ನಷ್ಟೇ ಆರಿಸಿಕೊಳ್ಳಿ. ಸ್ನ್ಯಾಪ್‌ಗೆ ಮುಂಚೆ ನಿಲ್ಲಿಸಿ, ಆಳದಲ್ಲಿ ಎಷ್ಟು ಸೇಫ್ಟಿಗಳಿದ್ದಾರೆ (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು) ಎಣಿಸಿ. ಒಂದು ಸೆಕೆಂಡ್ ಓಡಿಸಿ ಮತ್ತೆ ನಿಲ್ಲಿಸಿ. ಇಬ್ಬರಿದ್ದದ್ದು ಒಬ್ಬರಾಗಿದ್ದರೆ ಡಿಫೆನ್ಸ್ ವೇಷ ಬದಲಿಸಿತು ಅಂತ ಅರ್ಥ. ಈಗ ಎಂಡ್ ಝೋನ್ ಕೋನಕ್ಕೆ ಬನ್ನಿ. ಸಾಧಾರಣ ಸಮರ್ಥನಾದ ಕ್ವಾರ್ಟರ್‌ಬ್ಯಾಕ್ ಡ್ರಾಪ್ (ಎಸೆಯುವ ಮುಂಚೆ ಹಿಂದಕ್ಕಿಡುವ ಹೆಜ್ಜೆಗಳು) ಮುಗಿಸಿ, ಒಂದು ಹೆಜ್ಜೆ ಹೆಚ್ಚಿಗೆ ಕುಣಿದು, ರಿಸೀವರ್ ಬಿಡುವಾದದ್ದು ಕಣ್ಣಿಗೆ ಬಿದ್ದ ಮೇಲೆ ಎಸೆಯುತ್ತಾನೆ. ಸ್ನ್ಯಾಪ್‌ನಿಂದ ಎಸೆತದವರೆಗೆ ಸುಮಾರು 2.5 ಸೆಕೆಂಡ್ ಸಿಗುವ ಆಟದಲ್ಲಿ ಆ ಒಂದು ಹೆಜ್ಜೆ ದುಬಾರಿ: ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಅಷ್ಟರಲ್ಲಿ ಅಂತರ ಮುಚ್ಚಿರುತ್ತಾನೆ. ಪಂದ್ಯವನ್ನೇ ತಿರುಗಿಸುವವನು ಸೇಫ್ಟಿಯನ್ನು ಕಣ್ಣಿನಿಂದಲೇ ಎಡಕ್ಕೆ ಎಳೆದು, ಬಲಗಡೆಯ ರಿಸೀವರ್ ಇನ್ನೂ ತಿರುಗುವ ಮೊದಲೇ ಚೆಂಡು ಬಿಟ್ಟಿರುತ್ತಾನೆ.

ಪಾಕೆಟ್ (ಕ್ವಾರ್ಟರ್‌ಬ್ಯಾಕ್‌ನ ಸುತ್ತ ಅವನ ತಂಡದವರು ಕಟ್ಟುವ ರಕ್ಷಣೆ) ಕುಸಿದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. 2020ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ನೆನಪಿಸಿಕೊಳ್ಳಿ. ನಾಲ್ಕನೇ ಕ್ವಾರ್ಟರ್, ಕ್ಯಾನ್ಸಸ್ ಸಿಟಿ 10-20ರ ಹಿನ್ನಡೆಯಲ್ಲಿದೆ, ಮೂರನೇ ಡೌನ್, ಬೇಕಾದ್ದು 15 ಯಾರ್ಡ್. ಅದರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಹತ್ತು ಯಾರ್ಡಿಗೂ ಹೆಚ್ಚು ಹಿಂದೆ ಸರಿದು, ಮೈಮೇಲೆ ಬರುತ್ತಿದ್ದ ಲೈನ್‌ಮನ್‌ನನ್ನು ಲೆಕ್ಕಿಸದೆ, ರಿಸೀವರ್ ಟೈರೀಕ್ ಹಿಲ್‌ಗೆ ಎಸೆದ; 44 ಯಾರ್ಡ್ ಸಿಕ್ಕಿತು, ಪಂದ್ಯ 31-20ಕ್ಕೆ ಕ್ಯಾನ್ಸಸ್ ಸಿಟಿಯ ಪಾಲಾಯಿತು. ತೋಳಿನ ಬಲವನ್ನು ಎಲ್ಲರೂ ಹೊಗಳಿದರು. ಆದರೆ ಆ ಹಿಂದಕ್ಕಿಟ್ಟ ಹೆಜ್ಜೆಗಳೇ ಹಿಲ್‌ನ ಉದ್ದನೆಯ ರೂಟ್ (ಓಡಬೇಕಾದ ದಾರಿ) ಪೂರ್ತಿಯಾಗಲು ಸಮಯ ಕೊಂಡುಕೊಟ್ಟವು. ಮಹೋಮ್ಸ್‌ನ ನೋಟ ಮೈಮೇಲೆ ನುಗ್ಗುವವರ ಮೇಲೆ ಇಳಿದಿದ್ದರೆ ಅಷ್ಟೂ ವ್ಯರ್ಥ. ಇಂಥ ಪ್ಲೇಯಲ್ಲಿ ಹೆಲ್ಮೆಟ್ ಕೆಳಗಿಳಿಯಿತೋ ಇಲ್ಲವೋ, ಅದನ್ನೇ ಹುಡುಕಿ.

ಈ ಫಿಲ್ಮಿಗೆ ಧ್ವನಿಯಿಲ್ಲ, ಪ್ಲೇ ಶುರುವಾಗುವ ಸ್ಕ್ರಿಮೇಜ್ ಗೆರೆಯಲ್ಲಿ ಕೂಗುವ ಬದಲಾವಣೆಗಳು ಕೇಳಿಸುವುದಿಲ್ಲ. ಹಾಗಾಗಿ ಟಿವಿ ಪ್ರಸಾರದ ಮರುಪ್ರದರ್ಶನವನ್ನೂ ಜೊತೆಗಿಟ್ಟುಕೊಳ್ಳಬೇಕು. ದೊಡ್ಡ ಮಿತಿ ಬೇರೆಯೇ ಇದೆ: ಕರೆದ ಪ್ಲೇ ಯಾವುದು ಎಂದು ಚಿತ್ರ ಹೇಳುವುದಿಲ್ಲ. ರಿಸೀವರ್ ಒಳಗೆ ತಿರುಗಬೇಕಾದಲ್ಲಿ ಹೊರಗೆ ತಿರುಗಿ ಇಂಟರ್‌ಸೆಪ್ಷನ್ (ಪಾಸ್ ಎದುರಾಳಿಯ ಕೈಸೇರುವುದು) ಆಗಿದ್ದರೂ ಬೈಗುಳ ತಿನ್ನುವವನು ಕ್ವಾರ್ಟರ್‌ಬ್ಯಾಕ್. ಅದೇ ವಿನ್ಯಾಸ ಇನ್ನೆರಡು ಪಂದ್ಯಗಳಲ್ಲಿ ಕಂಡಮೇಲಷ್ಟೇ ತಪ್ಪು ಯಾರದ್ದೆಂದು ಬರೆದುಕೊಳ್ಳಿ. ಕವರೇಜ್‌ಗಳ (ಪಾಸ್ ತಡೆಯಲು ರಕ್ಷಕರು ನಿಲ್ಲುವ ವಿನ್ಯಾಸಗಳ) ಪರಿಚಯವಿದ್ದವರ ಲೆಕ್ಕದಲ್ಲಿ ಈ ಫಿಲ್ಮಿಗೆ 5ಕ್ಕೆ 4 ಅಂಕ. ಕವರ್ 2, ಕವರ್ 3ರಂಥ ವಿನ್ಯಾಸಗಳು ಇನ್ನೂ ಗೊಂದಲವೆನಿಸಿದರೆ ಸದ್ಯಕ್ಕೆ ಸಂಕ್ಷಿಪ್ತ ಮರುಪ್ರಸಾರವೇ ಸಾಕು.