180 ಮೀಟರಿಗೆ 80 ಮೆಗಾಹರ್ಟ್ಸ್ ಬೇಕೋ, 20 ಸಾಕೋ?

ಮುಂಬಯಿಯ ಮಾಟುಂಗದಲ್ಲಿ ಭಾವನ ಹೋಟೆಲು ಬೀದಿಯ ಒಂದು ತುದಿಗೆ, ಕೇಟರಿಂಗ್ ಅಡುಗೆಮನೆ ಇನ್ನೊಂದು ತುದಿಗೆ. ನಡುವೆ 180 ಮೀಟರ್, ಎರಡು ಮಳೆಮರ. ಗಲ್ಲಾದಲ್ಲಿ ಬರೆದುಕೊಂಡ ಆರ್ಡರು ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿಯಾಗಿ ಬೀಳಬೇಕು. ಜೊತೆಗೆ ಅಲ್ಲಿನ ಎರಡು ಕ್ಯಾಮೆರಾಗಳ ಚಿತ್ರ ಇಲ್ಲಿ ಕಾಣಬೇಕು. ಬೀದಿಗೆ ಅಡ್ಡಲಾಗಿ ಕೇಬಲ್ ಎಳೆಯುವ ಹಾಗಿರಲಿಲ್ಲ. ಎರಡೂ ತಾರಸಿಗಳ ಮೇಲೆ ಒಂದೊಂದು ವೈರ್‌ಲೆಸ್ ರೇಡಿಯೋ ಕೂರಿಸಿ, ಎರಡು ತಿಂಗಳು ಸೆಟ್ಟಿಂಗ್ ಬದಲಿಸುತ್ತ ಕುಳಿತೆ.

ವೈಫೈ ಓಡಾಡುವ ಎರಡು ಆವರ್ತನ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್‌ನ ಕಥೆ ಒಂದೇ ದಿನದಲ್ಲಿ ಮುಗಿಯಿತು. ಮನೆಯಲ್ಲಿದ್ದ ಹಳೆಯ ರೇಡಿಯೋ ಜೋಡಿಯನ್ನು ಹಚ್ಚಿ ಸ್ಕ್ಯಾನ್ ಮಾಡಿದರೆ ನಲವತ್ತಕ್ಕೂ ಹೆಚ್ಚು ಮನೆಗಳ ವೈಫೈ ಹೆಸರುಗಳು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಆ ಮೂರರಲ್ಲೂ ಸಂತೆ ನೆರೆದಿತ್ತು.

ನಿಜವಾದ ಪೈಪೋಟಿ ನಡೆದದ್ದು 5 ಗಿಗಾಹರ್ಟ್ಸ್‌ನ ಒಳಗೇ. 2018ರಿಂದ ನಮ್ಮ ದೇಶದಲ್ಲಿ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಹೊರಾಂಗಣದಲ್ಲೂ ಪರವಾನಗಿಯಿಲ್ಲದೆ ಬಳಸಬಹುದು. ಮೊದಲ ಸರದಿಯಲ್ಲಿ ಎಲ್ಲವನ್ನೂ ಗರಿಷ್ಠಕ್ಕೆ ಇಟ್ಟೆ: ಚಾನೆಲ್ ಆಟೋ (ರೇಡಿಯೋ ತಾನೇ ಆರಿಸಿಕೊಳ್ಳುವುದು), ಚಾನೆಲ್ಲಿನ ಅಗಲ 80 ಮೆಗಾಹರ್ಟ್ಸ್, ಶಕ್ತಿ 25 ಡಿಬಿಎಂ (ಸಿಗ್ನಲ್ಲಿನ ಬಲದ ಅಳತೆ). ಬೆಳಗಿನ ಆರು ಗಂಟೆಗೆ ಅಳೆದಾಗ ವೇಗ 210 ಎಂಬಿಪಿಎಸ್! ಭಾವನನ್ನು ಕರೆದು ತೋರಿಸಿದೆ. ಅವರು ಇಡ್ಲಿ ಪಾತ್ರೆಯ ಕಡೆ ನೋಡುತ್ತಲೇ "ಹೂಂ" ಎಂದರು.

ಅದೇ ರಾತ್ರಿ ಎಂಟೂವರೆಗೆ, ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಮುಗಿಸಿಕೊಂಡು ಬಂದವರಿಂದ ಹೋಟೆಲು ತುಂಬಿದ್ದಾಗ, ವೇಗ 20ಕ್ಕೆ ಕುಸಿಯಿತು. ಪಿಂಗ್, ಅಂದರೆ ಒಂದು ಸಂದೇಶ ಹೋಗಿ ಬರಲು ಹಿಡಿಯುವ ಸಮಯ, 300 ಮಿಲಿಸೆಕೆಂಡು ದಾಟಿತು. ಅಷ್ಟರಲ್ಲಿ ಸಂಪರ್ಕವೇ ಒಂದು ನಿಮಿಷಕ್ಕೂ ಮೀರಿ ಸತ್ತಿತು. ಮತ್ತೆ ಜೀವ ಬಂದಾಗ ಅಡುಗೆಮನೆಯ ಪ್ರಿಂಟರಿನಿಂದ ಹನ್ನೊಂದು ಚೀಟಿಗಳು ಉದ್ದನೆಯ ನಾಲಿಗೆಯ ಹಾಗೆ ಒಟ್ಟಿಗೇ ಹೊರಬಿದ್ದವು. ಅಡುಗೆಯವನು ಅವನ್ನು ಹರಿಯದೆ ಕೊರಳಿಗೆ ಹಾರದಂತೆ ಹಾಕಿಕೊಂಡು ನಿಂತಿದ್ದ.

ಲಾಗ್ ನೋಡಿದರೆ ಕಾರಣ ಸ್ಪಷ್ಟ. ಆಟೋ ಆರಿಸಿಕೊಂಡದ್ದು 100ನೇ ಚಾನೆಲ್. ಅದು ರಾಡಾರ್‌ಗಳಿಗೆ ದಾರಿ ಬಿಡಬೇಕಾದ ಪಟ್ಟಿ. ರಾಡಾರ್ ಸುಳಿವು ಸಿಕ್ಕರೆ ರೇಡಿಯೋ ಬಾಯಿ ಮುಚ್ಚಿ ಬೇರೆಡೆಗೆ ಸರಿಯಬೇಕು, ಅದೂ ಅಂಥದ್ದೇ ಪಟ್ಟಿಯಾದರೆ 60 ಸೆಕೆಂಡು ಕಿವಿಗೊಟ್ಟು ಕೇಳಿದ ಮೇಲೆಯೇ ಮಾತಾಡಬೇಕು. ಮುಂಬಯಿಯಲ್ಲಿ ಕೊಲಾಬಾ, ವೇರಾವಲಿಗಳಲ್ಲಿ ಹವಾಮಾನ ರಾಡಾರ್‌ಗಳಿವೆ ನಿಜ. ನಮ್ಮ ಪೆಟ್ಟಿಗೆ ಯಾವುದನ್ನು ಕೇಳಿ ಬೆಚ್ಚಿತೋ ದೇವರೇ ಬಲ್ಲ.

ಎರಡನೇ ಸರದಿಗೆ, ಮೊದಲು ಹೇಳಿದ 5725–5875ರ ಪಟ್ಟಿಯೊಳಗಿನ 149ನೇ ಚಾನೆಲ್ ಖಾಯಂ ಮಾಡಿ, ಅಗಲವನ್ನು 40ಕ್ಕೆ ಇಳಿಸಿದೆ. ಬೆಳಗ್ಗೆ 150, ರಾತ್ರಿ 45ರಿಂದ 90ರ ನಡುವೆ ತೂಗಾಟ. ಮೂರನೆಯದು 20 ಮೆಗಾಹರ್ಟ್ಸ್: ಬೆಳಗ್ಗೆ 74, ರಾತ್ರಿ 70, ಪಿಂಗ್ ಸದಾ ನಾಲ್ಕೈದು ಮಿಲಿಸೆಕೆಂಡು. ಅಗಲ ಎರಡರಷ್ಟಾದಾಗಲೆಲ್ಲ ರೇಡಿಯೋ ಒಳಗೆಳೆದುಕೊಳ್ಳುವ ಗದ್ದಲ 3 ಡೆಸಿಬೆಲ್ ಏರುತ್ತದೆ, ನೆರೆಯವರ ಚಾನೆಲ್‌ಗಳನ್ನು ತುಳಿಯುವ ಸಂಭವವೂ ಹೆಚ್ಚುತ್ತದೆ. ಖಾಲಿ ಬಯಲಾಗಿದ್ದರೆ 80ನ್ನೇ ಇಡುತ್ತಿದ್ದೆ. ಇಲ್ಲಿ ಆಚೆ ಮನೆಯ ಒಗ್ಗರಣೆ ಈಚೆ ಮನೆಗೆ ಕೇಳುತ್ತದೆ. ಚೀಟಿಗೂ ಎರಡು ಕ್ಯಾಮೆರಾಗೂ 20 ಎಂಬಿಪಿಎಸ್ ಧಾರಾಳ. "ನಿನ್ನ ವೇಗ ನೀನೇ ಇಟ್ಟುಕೋ, ನನಗೆ ಚೀಟಿ ಬಂದರೆ ಸಾಕು" ಎಂದರು ಭಾವ.

ಶಕ್ತಿಯನ್ನು 25ರಿಂದ 12 ಡಿಬಿಎಂಗೆ ಇಳಿಸಿದ್ದಕ್ಕೆ ಅವರು ಮಾತ್ರ ಒಪ್ಪಲಿಲ್ಲ. ದುಡ್ಡು ಕೊಟ್ಟದ್ದು ಪೂರ್ತಿ ಶಕ್ತಿಗಲ್ಲವೇ? ಆಚೆ ತುದಿಯಲ್ಲಿ ಸಿಗ್ನಲ್ −42 ಡಿಬಿಎಂ ಇದ್ದದ್ದು −55 ಆಯಿತು (ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ), ವೇಗ ಕೂದಲಷ್ಟೂ ಇಳಿಯಲಿಲ್ಲ. ಎದುರಿಗಿರುವವನೊಡನೆ ಕಿರುಚಿ ಮಾತಾಡುವುದೇಕೆ?

ಒಂದು ಪಾಠಕ್ಕೆ ಮಾತ್ರ ಮೊಣಕಾಲಿನ ಚರ್ಮ ತೆತ್ತಿದ್ದೇನೆ. ಪಾಸ್‌ವರ್ಡ್ ಬದಲಿಸುವಾಗ ಮೊದಲು ದೂರದ ರೇಡಿಯೋದಲ್ಲಿ ಬದಲಿಸಿ, ಆಮೇಲೆ ಹತ್ತಿರದ್ದರಲ್ಲಿ. ನಾನು ಉಲ್ಟಾ ಮಾಡಿ, ಸಂಪರ್ಕ ಕಡಿದುಕೊಂಡು, ಲ್ಯಾಪ್‌ಟಾಪ್ ಬೆನ್ನಿಗೆ ಕಟ್ಟಿ ಅಡುಗೆಮನೆಯ ತಾರಸಿಯ ಕಬ್ಬಿಣದ ಏಣಿ ಹತ್ತಿದೆ. ಇನ್ನೊಂದು: ಪೆಟ್ಟಿಗೆಯಿಂದ ತೆಗೆದಾಗ ಎರಡಕ್ಕೂ ಒಂದೇ ಐಪಿ ವಿಳಾಸ (ಜಾಲದಲ್ಲಿ ಪೆಟ್ಟಿಗೆಯ ಗುರುತು) ಇರುತ್ತದೆ. ಒಂದನ್ನು ಬದಲಿಸದೆ ಎರಡನ್ನೂ ಜೋಡಿಸಬೇಡಿ.

ಸೆಟ್ಟಿಂಗಿನಿಂದ ಬಗೆಹರಿಯದ್ದು ಮರ. ಈ ದೂರಕ್ಕೆ ಸಿಗ್ನಲ್ ಸಾಗುವ ದಾರಿಯ ನಡುಮಧ್ಯದಲ್ಲಿ ಸುತ್ತಲೂ ಸುಮಾರು ಒಂದೂವರೆ ಮೀಟರ್ ತೆರವಿರಬೇಕು. ಜೂನ್‌ನಲ್ಲಿ ಚಿಗುರು ತುಂಬಿ, ಎಲೆಗಳು ನೆನೆದು ಭಾರವಾಗಿ, ಒಂದು ಕೊಂಬೆ ಆ ದಾರಿಗೆ ಬಾಗಿತು. ಸಿಗ್ನಲ್ −67ಕ್ಕೆ ಬಿತ್ತು. ರೇಡಿಯೋವನ್ನು ಕಂಬದ ಮೇಲೆ ಎರಡು ಅಡಿ ಏರಿಸಿದ ಮೇಲೆ −58. ಮಳೆಗಾಲ ಕಳೆದ ಮೇಲೆ 40 ಮೆಗಾಹರ್ಟ್ಸ್‌ಗೆ ಇನ್ನೊಂದು ಅವಕಾಶ ಕೊಟ್ಟು ನೋಡುವವನಿದ್ದೇನೆ. ಭಾವನಿಗೆ ಇನ್ನೂ ಹೇಳಿಲ್ಲ.