ಕ್ರಾಫ್ಟ್‌ವರ್ಕ್ ನೋಡಬೇಕೋ, ಜೆಫ್ ಮಿಲ್ಸ್ ನೋಡಬೇಕೋ?

ಟೆಕ್ನೋ (ಯಂತ್ರದ ತಾಳದ ಎಲೆಕ್ಟ್ರಾನಿಕ್ ನೃತ್ಯಸಂಗೀತ) ಹಿರಿಯರ ಸಂಗೀತವನ್ನು ನೇರವಾಗಿ ಕೇಳಬೇಕು, ಆದರೆ ದುಡ್ಡಿರುವುದು ಒಂದೇ ಟಿಕೆಟ್‌ಗೆ ಅನ್ನುವವರು ಮೊದಲು ತಮ್ಮ ಮೊಣಕಾಲನ್ನು ವಿಚಾರಿಸಿಕೊಳ್ಳಲಿ.

ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ 1970ರಲ್ಲಿ ಶುರುವಾದ ಕ್ರಾಫ್ಟ್‌ವರ್ಕ್ ತಂಡ ನಿಜವಾಗಿ ಟೆಕ್ನೋ ಅಲ್ಲ, ಅದರ ಅಜ್ಜ. ನಾಲ್ವರು ಸಾಲಾಗಿ ನಿಂತು, ಮುಖದ ಗೆರೆಯೂ ಕದಲದಂತೆ ನುಡಿಸುತ್ತಾರೆ. ಹಿಂದಿನ ಪರದೆ ತುಂಬ ಅಂಕಿ, ಗೆರೆ, ಚಿತ್ರ. ಹಲವು ಕಡೆ ಕುರ್ಚಿ ಹಾಕಿರುತ್ತಾರೆ. ಯಾವ ಹಾಡುಗಳು ಬರುತ್ತವೆಂದು ಹಳೇ ಅಭಿಮಾನಿ ಮೊದಲೇ ಹೇಳಬಲ್ಲ. ಅಚ್ಚರಿ ಕಡಿಮೆ, ಅಚ್ಚುಕಟ್ಟು ಜಾಸ್ತಿ.

ಅಮೆರಿಕದ ಡೆಟ್ರಾಯಿಟ್‌ನ ಡಿಜೆ ಜೆಫ್ ಮಿಲ್ಸ್ ಬೇರೆಯೇ ಜಾತಿ. ಟೆಕ್ನೋ ಶುರುಮಾಡಿದ ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಹಾಕಿದ ದಾರಿಯಲ್ಲಿ ಬಂದು, ಅದನ್ನು ಇನ್ನೂ ಬಿರುಸು ಮಾಡಿದಾತ. ಒಂದು ರೆಕಾರ್ಡ್ ಪೂರ್ತಿ ಕೇಳಿಸುವ ತಾಳ್ಮೆಯೇ ಇಲ್ಲ. ಮೂರ್ನಾಲ್ಕು ಡೆಕ್‌ಗಳ (ರೆಕಾರ್ಡ್ ನುಡಿಸುವ ಯಂತ್ರಗಳ) ನಡುವೆ ಕೈ ಓಡುತ್ತಲೇ ಇರುತ್ತದೆ. ನಡುವೆ ಎಲ್ಲ ನಿಲ್ಲಿಸಿ ರೋಲ್ಯಾಂಡ್ 909 ಡ್ರಮ್ ಮಷಿನ್‌ನತ್ತ ತಿರುಗಿದರೆ, ಅದಕ್ಕೇ ಟಿಕೆಟ್ ದುಡ್ಡು ಸಂದಾಯ. ತಾಳವನ್ನು ಅಲ್ಲೇ, ಬೆರಳಲ್ಲೇ ಕಟ್ಟುತ್ತಾರೆ: ಹೈ-ಹ್ಯಾಟ್‌ನ ತಾಳದಂಥ ಕಿರುಸದ್ದು ಒಂದೇ ಓಡುತ್ತದೆ, ಕಿಕ್ ಡ್ರಮ್ಮಿನ ದಪ್ಪ ಪೆಟ್ಟು ಮಾಯ, ಜನ ಉಸಿರು ಹಿಡಿಯುತ್ತಾರೆ. ನಮ್ಮ ತನಿ ಆವರ್ತನ ಕೇಳಿ ಬೆಳೆದವರಿಗೆ ಇದು ತಟ್ಟನೆ ಹಿಡಿಸುತ್ತದೆ.

ನನ್ನ ಮನಸ್ಸು ಮಿಲ್ಸ್ ಕಡೆಗೇ. ಆದರೂ ಎರಡನ್ನೂ ನೋಡದವರು ಮೊದಲು ಕ್ರಾಫ್ಟ್‌ವರ್ಕ್‌ಗೆ ಹೋಗಿ. ತಂಡ ಕಟ್ಟಿದವರಲ್ಲೊಬ್ಬರಾದ ಫ್ಲೋರಿಯನ್ ಶ್ನೈಡರ್ 2020ರಲ್ಲಿ ತೀರಿಕೊಂಡರು. ಸ್ಥಾಪಕರಲ್ಲಿ ವೇದಿಕೆ ಮೇಲೆ ಉಳಿದಿರುವ ರಾಲ್ಫ್ ಹ್ಯೂಟರ್ ಹುಟ್ಟಿದ್ದು 1946ರಲ್ಲಿ. ಮಿಲ್ಸ್‌ಗೆ ಹೋಗುವುದಾದರೆ ಮಧ್ಯಾಹ್ನವೇ ಒಂದು ನಿದ್ದೆ ಮುಗಿಸಿ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡು, ಅವರ ಕೈ ಕಾಣುವ ಕಡೆ ನಿಲ್ಲಿ.